ಮೂರನೆಯ ಸಿಲಿಂಡರ್

ಹೊಗೆಕೊಳವೆಯ ಬಾಯಲ್ಲಿ ಹಕ್ಕಿಯೊಂದು ಗೂಡು ಕಟ್ಟಿತ್ತು.
ತೊಕ್ತೊಸುನ್ ಅದನ್ನು ಎರಡೂ ಕೈಯಲ್ಲೆತ್ತಿ
ಮೊಟ್ಟೆಯಿಲ್ಲವೆಂದು ಖಾತ್ರಿ ಮಾಡಿಕೊಂಡು
ಕಲ್ಲಿನ ಮೇಲಿಟ್ಟ.
ಆಮೇಲೇ ಸ್ಪಾನರು ಕೈಗೆ ಬಂದದ್ದು.

ಅತ್-ಬಾಶಿಯ ಆಚೆ, ರಸ್ತೆ ಘಾಟಿ ಹತ್ತುವಲ್ಲಿ,
ಸಾಮೂಹಿಕ ಬೇಸಾಯದ ಕಾಲದ ಬುಲ್ಡೋಜರ್
ಹನ್ನೊಂದು ಚಳಿಗಾಲ ಕೂತಲ್ಲೇ ಕೂತಿದೆ.
ಬ್ಯಾಟರಿ ಯಾರೋ ಒಯ್ದರು. ಸೀಟಿನ ಹತ್ತಿ ಇಲಿಗಳಿಗಾಯಿತು.
ಚೈನಿನ ಸಂದುಗಳಲ್ಲಿ ಹುಲ್ಲು ಬೆಳೆದು, ಒಣಗಿ, ಬೆಳೆದು.
ಈ ವರ್ಷ ಹಿಮ ಸರಿಸಲು ಜಿಲ್ಲೆಯಿಂದ ಗಾಡಿ ಬರುವುದಿಲ್ಲವಂತೆ.
ಘಾಟಿಯಾಚೆ ಹದಿನಾಲ್ಕು ಮನೆ. ಒಬ್ಬಳು ತುಂಬು ಬಸುರಿ.

ನಾಲ್ಕೂ ಇಂಜೆಕ್ಟರು ಬಿಚ್ಚಿ ಟಾರ್ಚು ಬಿಟ್ಟೆವು.
ಒಂದು, ಎರಡು, ನಾಲ್ಕು: ಕಪ್ಪು, ಒಣ, ಮರ್ಯಾದಸ್ಥ ಕಪ್ಪು.
ಮೂರನೆಯದರಲ್ಲಿ ಕೆಂಪು.
"ಮಳೆ ಇಲ್ಲೇ ಇಳಿದದ್ದು," ಎಂದ ತೊಕ್ತೊಸುನ್,
"ವಾಲ್ವು ತೆರೆದೇ ನಿಂತುಬಿಟ್ಟಿದೆ,
ಕದ ಹಾಕದೆ ಮಲಗಿದ ಮನೆಯ ಹಾಗೆ."

ಸೀಮೆಎಣ್ಣೆ ಅರ್ಧ, ಗೇರ್ ಬಾಕ್ಸಿನ ತೆಳ್ಳನೆ ಎಣ್ಣೆ ಅರ್ಧ,
ಬುರುಲ್‌ಸುನ್ ಹಾಲು ಅಳೆಯುವ ಎನಾಮಲ್ ಮಗ್ಗಿನಲ್ಲಿ ಬೆರೆಸಿ ಹೊಯ್ದೆವು.
(ಮಗ್ಗಿಗಾಗಿ ತೊಕ್ತೊಸುನ್‌ಗೆ ಹೆಂಡತಿಯ ಬೈಗುಳ ಇನ್ನೂ ನಿಂತಿಲ್ಲ.)
ಒಂದು ದಿನ. ಎಣ್ಣೆಯ ಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ.
ಮೂರು ದಿನ. ಹಾರೆಯನ್ನು ಫ್ಲೈವೀಲಿನ ಹಲ್ಲಿಗೆ ಕೊಟ್ಟು
ಮೈಭಾರವೆಲ್ಲ ಹಾಕಿದೆ.
ಜಪ್ಪಯ್ಯ ಅಂದರೂ ಮಿಸುಕಲಿಲ್ಲ.
ಐದನೆಯ ದಿನ ನನ್ನ ತಾಳ್ಮೆಗೇ ತುಕ್ಕು:
ಟ್ರ್ಯಾಕ್ಟರು ಕಟ್ಟಿ, ಗೇರಿಗೆ ಹಾಕಿ, ಒಂದೇ ಸಲ ಜಗ್ಗಿಬಿಡೋಣ ಎಂದೆ.
"ಜಗ್ಗು. ಕನೆಕ್ಟಿಂಗ್ ರಾಡು ಬಾಗಿದ ಮೇಲೆ
ನಿನ್ನ ಮದುವೆಯ ಡೇರೆಗೆ ಗೂಟ ಮಾಡಿಕೊ."

ಏಳನೆಯ ರಾತ್ರಿ ತಗಡಿನಲ್ಲಿ ಕುರಿಗೊಬ್ಬರದ ಕೆಂಡ ತುಂಬಿ
ಎಂಜಿನ್ನಿನ ಅಡಿಗೆ, ಮೊಳದಷ್ಟು ಅಂತರ ಬಿಟ್ಟು, ಸರಿಸಿದೆವು.
ಕಬ್ಬಿಣ ಬೆಚ್ಚಗಾಗುವುದನ್ನು ಕಾಯುತ್ತ ಹೇಳಿದೆ:
ಕೊಳವೆಯ ಮೇಲೆ ಮೀನಿನ ಡಬ್ಬಿ ಬೋರಲಾಗಿ ಇರುತ್ತಿತ್ತಲ್ಲ,
ತೆಗೆದವನು ನಾನು. ಹನ್ನೆರಡು ವರ್ಷ ನನಗೆ.
ಎರೆಹುಳ ಹಾಕಿಕೊಳ್ಳಲು ಬೇಕಿತ್ತು.
ಆ ದಿನ ಒಂದು ಮೀನೂ ಸಿಗಲಿಲ್ಲ.

ತೊಕ್ತೊಸುನ್ ಕೆಂಡ ಕೆದಕಿದ. ಮತ್ತೆ ಕೆದಕಿದ.
"ಹನ್ನೊಂದು ವರ್ಷ ನಾನೂ ದಿನಾ ಇದೇ ದಾರಿಯಲ್ಲಿ ಓಡಾಡಿದೆ.
ನನ್ನ ಮನೆಯಲ್ಲಿ ಡಬ್ಬಿಗೇನು ಬರವಿತ್ತೆ?"

ಫ್ಲೈವೀಲಿಗೆ ಸೀಮೆಸುಣ್ಣದ ಒಂದು ಗೆರೆ,
ಅದರೆದುರು ಕವಚಕ್ಕೊಂದು ಗೆರೆ.
ಹಾರೆಯ ತುದಿಯಲ್ಲಿ ನಾನು, ಬ್ಲಾಕಿಗೆ ಒತ್ತಿಕೊಂಡ ಅವನ ಕಿವಿ.
ಹಿಂದಕ್ಕೆ. ಇಲ್ಲ.
ಮುಂದಕ್ಕೆ. ಇಲ್ಲ.
ಹಿಂದಕ್ಕೆ
ಒಳಗೆಲ್ಲೋ ಯಾರೋ ನಟಿಕೆ ಮುರಿದ ಹಾಗೆ.
ಹಾರೆ ಜಾರಿದ್ದಲ್ಲ, ಹಲ್ಲು ಮುರಿದದ್ದಲ್ಲ.
ಮೂರನೆಯ ತೂತಿನಲ್ಲಿ ಕೆಂಪೆಣ್ಣೆಯ ಒಂದು ಗುಳ್ಳೆ ಎದ್ದು ಒಡೆಯಿತು.
"ನಿಲ್ಲಿಸು!" ಎಂದು ಕಿರುಚಿದ. "ಸಾಕು, ಇವತ್ತಿಗೆ ಇಷ್ಟೇ ಕೇಳಬೇಕು."
ಎರಡು ಬಿಳಿ ಗೆರೆಗಳ ನಡುವೆ
ಒಂದು ಉಗುರು ಹಿಡಿಸುವಷ್ಟು ಕತ್ತಲೆ.

"ಚಾಲೂ ಆಯಿತೇ?" ಎಂದಳು ಬುರುಲ್‌ಸುನ್.
ಇಲ್ಲ.
"ಮತ್ತೇಕೆ ಇಬ್ಬರೂ ಹಲ್ಲು ಕಿರಿಯುತ್ತಿದ್ದೀರಿ?"
ತೊಕ್ತೊಸುನ್ ಹೆಬ್ಬೆರಳ ಉಗುರು ತೋರಿಸಿದ.
ದೀಪದ ಹತ್ತಿರ ಹಿಡಿದು ನೋಡಿದಳು, ಉಗುರಲ್ಲೇ ಏನೋ ಬರೆದಿದೆಯೆಂಬಂತೆ.
ನಾಳೆಗೆಂದು ಎತ್ತಿಟ್ಟಿದ್ದ ಮಾಂಸ
ಮಾತಿಲ್ಲದೆ ನಮ್ಮ ತಟ್ಟೆಗೆ ಬಂತು.

ಮಲಗುವ ಮುಂಚೆ ಖಾಲಿ ಮೀನಿನ ಡಬ್ಬಿ ಹುಡುಕಿ ಹೊರಟೆ.
ಹಿಮದ ಮೊದಲ ಪುಡಿ ಆಗಲೇ ಉದುರುತ್ತಿತ್ತು.
ಹತ್ತಿ ನೋಡಿದರೆ ಡಬ್ಬಿ ಸಣ್ಣದು,
ಈಗಿನ ಡಬ್ಬಿಗಳೇ ಹಾಗೆ.
ಎಂಜಿನ್ನಿನ ಪಕ್ಕದಲ್ಲೇ ಇದ್ದ ಎನಾಮಲ್ ಮಗ್ಗನ್ನು
ಕೊಳವೆಗೆ ಬೋರಲು ಹಾಕಿ ಬಂದೆ.
ಬೆಳಿಗ್ಗೆ ಬೈಯಲಿ.